ಉಸಿರಿನ ಚೌಕದಲ್ಲಿ ಇಪ್ಪತ್ತು

ಮಧ್ಯಾಹ್ನ ಎರಡಕ್ಕೆ ಬಂದು ಕೆಲಸ ವಹಿಸಿಕೊಳ್ಳಬೇಕಾಗಿದ್ದ ನರ್ಸು ಬರಲಿಲ್ಲ. ಅವಳ ಮಗುವಿಗೆ ಜ್ವರವಂತೆ. ಬೆಳಗ್ಗೆ ಎಂಟರಿಂದ ಕಾಲ ಮೇಲೇ ನಿಂತಿದ್ದ ದೊಡ್ಡ ಸಿಸ್ಟರ್ ಸುದ್ದಿ ಕೇಳಿ ಫೋನ್ ಕೆಳಗಿಟ್ಟಳು. "ಇನ್ನಾರು ಗಂಟೆ ನೀವೇ ಸುಧಾರಿಸ್ಕೊಳ್ಳಿ" ಎಂದು ಮೇಟ್ರನ್ ಹೇಳಿಯಾಗಿತ್ತು. ಆ ಆಸ್ಪತ್ರೆಯಲ್ಲಿ ಸುಧಾರಿಸಿಕೊಳ್ಳುವುದೂ ಒಂದು ಕೆಲಸವೇ. ಅದನ್ನು ಯಾವ ನರ್ಸಿಂಗ್ ಶಾಲೆಯಲ್ಲೂ ಕಲಿಸುವುದಿಲ್ಲ, ಆದರೆ ಅದು ಬಾರದವರು ಅಲ್ಲಿ ಒಂದು ವಾರವೂ ನಿಲ್ಲುವುದಿಲ್ಲ.

ದೊಡ್ಡ ಸಿಸ್ಟರದು ಕೆಳಮಹಡಿಯ ಗಂಡಸರ ವಾರ್ಡು. ಬೆಡ್ಡು ಮೂವತ್ತೆರಡು, ರೋಗಿಗಳು ನಲವತ್ತೊಂದು. ಮಿಕ್ಕ ಒಂಬತ್ತು ಮಂದಿ ನೆಲದ ಮೇಲೆ, ಹಾಸಿಗೆಗೂ ಹಾಸಿಗೆಗೂ ನಡುವೆ ಒಂದು ಕಾಲಿಡುವಷ್ಟು ಜಾಗ. ಇಷ್ಟೂ ಜನಕ್ಕೆ ಒಬ್ಬ ನರ್ಸು, ಒಬ್ಬ ಆಯಮ್ಮ. ಎಷ್ಟು ರೋಗಿಗಳಿಗೆ ಎಷ್ಟು ನರ್ಸುಗಳಿರಬೇಕು ಎಂಬ ನಿಯಮವನ್ನು ಆಫೀಸಿನ ಗೋಡೆಯಲ್ಲಿ ಗಾಜು ಹಾಕಿಸಿ ತೂಗುಹಾಕಿದ್ದಾರೆ. ಆ ಗಾಜು ಒರೆಸುವುದಕ್ಕೆ ಮಾತ್ರ ದಿನಾ ತಪ್ಪದೆ ಒಬ್ಬರು ಬರುತ್ತಾರೆ.

ಬೇರೆ ದಿನವಾಗಿದ್ದರೆ ನಾಲ್ಕು ಮಾತು ಗೊಣಗಿ ಸುಮ್ಮನಾಗುತ್ತಿದ್ದಳು. ಇವತ್ತು ಕಣ್ಣು ಮೆಟ್ಟಿಲ ಕಡೆ ಹೋಯಿತು. ಮೇಲಿನ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಹದಿನೇಳನೇ ಬೆಡ್ಡಿನಲ್ಲಿ ಅವಳ ಅಕ್ಕ ಮಲಗಿದ್ದಳು. ಗರ್ಭಕೋಶದ ಆಪರೇಷನ್ ಆಗಿ ಮೂರನೇ ದಿನ. ನಿನ್ನೆಯಿಂದ ಸಣ್ಣಗೆ ಜ್ವರ. ಎರಡು ಗಂಟೆಗೆ ಡ್ಯೂಟಿ ಮುಗಿದರೆ ಮೇಲೆ ಹೋಗಿ, ಅಕ್ಕನ ಮುಖ ಒರೆಸಿ, ತಲೆ ಬಾಚಿ, ಪಕ್ಕದಲ್ಲೇ ಕೂತಿರಬೇಕು ಅಂತ ಬೆಳಗ್ಗೆಯಿಂದ ಗಡಿಯಾರ ನೋಡಿದ್ದೇ ನೋಡಿದ್ದು.

ಅಮ್ಮ ತೀರಿಕೊಂಡಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೆಂಟು. ಅಕ್ಕ ಮದುವೆಯಾಗಿ ಹೋದಾಗ ಇವಳೂ ಹಿಂದೆಯೇ ಹೋದಳು. "ಒಂದು ಹೆಣ್ಣು ಕೇಳಿದ್ರೆ ಎರಡು ಕೊಟ್ಟು ಕಳಿಸಿದ್ರು" ಎಂದು ಭಾವ ಇವತ್ತಿಗೂ ತಮಾಷೆ ಮಾಡುತ್ತಾರೆ. ನರ್ಸಿಂಗ್ ಶಾಲೆಗೆ ಸೇರಿದ ದಿನ ಅಕ್ಕ ಇವಳ ಕೈಗೆ ಒಂದು ವಾಚು ಕಟ್ಟಿದಳು, ಸೆಕೆಂಡಿನ ಮುಳ್ಳಿರುವುದು. ಅಲ್ಲಿನ ಟೀಚರ್ ಬಹಳ ಕಟ್ಟುನಿಟ್ಟು. ಉಸಿರು ಎಣಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು; ನಾಡಿ ನೋಡುವವರಂತೆ ಕೈ ಹಿಡಿದುಕೊಂಡು ಕಣ್ಣು ಎದೆಯ ಮೇಲಿಡಬೇಕು; ಎಣಿಸುತ್ತಿದ್ದಾರೆಂದು ತಿಳಿದರೆ ಉಸಿರಿನ ಗತಿಯೇ ಬದಲಾಗುತ್ತದೆ. ಅಭ್ಯಾಸ ಮಾಡಲು ಸಿಕ್ಕಿದವಳು ಅಕ್ಕ. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದವಳು ಅರ್ಧ ನಿಮಿಷಕ್ಕೆಲ್ಲ ನಗು ತಡೆಯಲಾರದೆ ಹೊಟ್ಟೆ ಕುಲುಕಿಸುತ್ತಿದ್ದಳು. "ನಗಬೇಡ ಅಕ್ಕ, ಲೆಕ್ಕ ತಪ್ಪತ್ತೆ" ಅಂದು ಇವಳು ಮತ್ತೆ ಮೊದಲಿಂದ ಎಣಿಸಬೇಕು. ಎಲ್ಲ ಮುಗಿದ ಮೇಲೆ ಅಕ್ಕ ಒಂದು ಕಣ್ಣು ತೆರೆದು ಕೇಳುತ್ತಿದ್ದಳು: "ಎಷ್ಟು ಬಂತು?"

ಈಗ ಇಪ್ಪತ್ತೆಂಟು ವರ್ಷದ ಸರ್ವೀಸು. ವಾಚಿನ ಪಟ್ಟಿ ನಾಲ್ಕು ಸಲ ಬದಲಾಗಿದೆ. ಕೊನೆಯ ಸಲ ಉಸಿರು ಎಣಿಸಿದ್ದು ಯಾವಾಗ ಎಂದು ಕೇಳಿದರೆ ಅವಳಿಗೇ ನೆನಪಿಲ್ಲ. ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರ ಚಾರ್ಟ್ ತುಂಬಬೇಕು: ಜ್ವರ, ಬಿಪಿ, ನಾಡಿ, ಉಸಿರು. ಉಸಿರೊಂದಕ್ಕೇ ಒಬ್ಬರಿಗೆ ಒಂದು ನಿಮಿಷ ಅಂದರೆ ನಲವತ್ತೊಂದು ನಿಮಿಷ. ಅಷ್ಟು ಹೊತ್ತು ನರ್ಸಮ್ಮ ಕಂಡವರ ಎದೆ ನೋಡುತ್ತ ನಿಂತರೆ ಇಂಜೆಕ್ಷನ್ ಚುಚ್ಚುವವರು ಯಾರು, ಡ್ರಿಪ್ ಬದಲಿಸುವವರು ಯಾರು, ಬಿದ್ದವರನ್ನು ಎತ್ತುವವರು ಯಾರು? ಹಾಗಾಗಿ ಉಸಿರಿನ ಚೌಕದಲ್ಲಿ ಎಲ್ಲರೂ ಇಪ್ಪತ್ತು ಬರೆಯುತ್ತಾರೆ. ಆಸ್ಪತ್ರೆಯ ತುಂಬ ಇಪ್ಪತ್ತು. ತೊಂಬತ್ತರ ಮುದುಕನಿಗೂ ಇಪ್ಪತ್ತು, ಕಾಲು ಮುರಿದ ಪೈಲ್ವಾನನಿಗೂ ಇಪ್ಪತ್ತು, ಎದೆಯಲ್ಲಿ ಕಫ ಕಟ್ಟಿ ಕೂತೇ ನಿದ್ದೆ ಮಾಡುವವನಿಗೂ ಇಪ್ಪತ್ತು. ಡಾಕ್ಟರು ಆ ಚೌಕದ ಕಡೆ ಕಣ್ಣು ಹಾಯಿಸುವುದಿಲ್ಲ. ತಪಾಸಣೆಗೆ ಬಂದವರು ಖಾಲಿ ಚೌಕ ಹುಡುಕುತ್ತಾರೆಯೇ ಹೊರತು ತುಂಬಿದ ಚೌಕದಲ್ಲಿ ಏನಿದೆ ಅಂತ ಯಾರೂ ಕೇಳಿದ್ದಿಲ್ಲ.

ಮೇಲಿನ ವಾರ್ಡಿಗೂ ಎರಡು ಗಂಟೆಗೆ ಬದಲಿ ಬಾರದೆ, ಇವತ್ತು ಬೆಳಗ್ಗೆಯಿಂದ ಒಬ್ಬಳೇ ಇದ್ದವಳು ಹೊಸಬಳು. ಬಂದು ಆರು ತಿಂಗಳಾದರೂ ಎಲ್ಲರ ಬಾಯಲ್ಲಿ ಹೊಸಬಳೇ. ಮೊದಲ ಐದು ತಿಂಗಳು ಅವಳನ್ನು ಪಳಗಿಸಿದ್ದು ದೊಡ್ಡ ಸಿಸ್ಟರೇ. ಮೊದಲ ದಿನ ಹುಡುಗಿ ಮೂರನೇ ಬೆಡ್ಡಿನ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಅವಳ ಕೈಯಲ್ಲಿ ವಾಚಿಲ್ಲ, ಗೋಡೆ ಗಡಿಯಾರಕ್ಕೆ ಸೆಕೆಂಡಿನ ಮುಳ್ಳಿಲ್ಲ, ಮೊಬೈಲು ವಾರ್ಡಿಗೆ ತರಕೂಡದೆಂದು ಹುಕುಂ. ಪಾಪ, ಮನಸ್ಸಿನಲ್ಲೇ ಸೆಕೆಂಡು ಎಣಿಸಿಕೊಂಡು ಅದರ ಜೊತೆಗೆ ಉಸಿರನ್ನೂ ಎಣಿಸಲು ಹೋಗಿ ಎರಡನ್ನೂ ತಪ್ಪಿಸಿಕೊಂಡಿದ್ದಳು.

"ಹೀಗೆ ಎಣಿಸ್ತಾ ನಿಂತ್ರೆ ಕೊನೇ ಬೆಡ್ಡಿಗೆ ಹೋಗೋ ಹೊತ್ತಿಗೆ ನಿಂಗೇ ಕೂದಲು ಬೆಳ್ಳಗಾಗಿರತ್ತೆ" ಎಂದು ದೊಡ್ಡ ಸಿಸ್ಟರ್ ನಕ್ಕಿದ್ದಳು. "ಉಸಿರಿಗೆ ಇಪ್ಪತ್ತು ಹಾಕು. ಬಿಪಿ, ನಾಡಿ ಬೆಳಗ್ಗೆ ಒಂದು ಸಲ ಸರಿಯಾಗಿ ನೋಡ್ಕೋ. ಆಮೇಲೆ ಎರಡು ಮೇಲೆ, ಎರಡು ಕೆಳಗೆ ಮಾಡ್ತಾ ಹೋಗು. ಒಂದೇ ಥರ ಬರೀಬೇಡ, ಅನುಮಾನ ಬರತ್ತೆ. ಒಂದು ಗಳಿಗೆ ಪುರುಸೊತ್ತು ಸಿಕ್ಕಿದ್ರೆ ಮುಂದಿನ ಚೌಕನೂ ತುಂಬಿಸಿಟ್ಕೋ." ಇದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹುಡುಗಿ ಉಳಿಯಲಿ, ವಾರಕ್ಕೇ ಅತ್ತುಕೊಂಡು ಓಡಿಹೋಗದಿರಲಿ ಎಂಬ ಕರುಣೆಯಿಂದಲೇ ಹೇಳಿದ್ದು.

ಎರಡು ತಿಂಗಳ ಹಿಂದೆ ದೊಡ್ಡ ಹಾಲಿನಲ್ಲಿ ಒಂದು ದಿನದ ತರಬೇತಿ ನಡೆದಿತ್ತು. ಹೊರಗಿನಿಂದ ಬಂದ ಟೀಚರಮ್ಮ ಇದನ್ನೇ ಕಲಿಸಿದರಂತೆ: ಮೈಗೆ ನಂಜೇರುವಾಗ ಬೇರೆಲ್ಲದಕ್ಕಿಂತ ಮುಂಚೆ ಏರುವುದು ಉಸಿರು, ಇಪ್ಪತ್ತೈದು ದಾಟಿತೋ, ಕೈಲಿದ್ದದ್ದನ್ನು ಬಿಟ್ಟು ಡಾಕ್ಟರನ್ನು ಕರೆಯಿರಿ. ಪಟ್ಟಿಯಲ್ಲಿ ಇವರಿಬ್ಬರ ಹೆಸರೂ ಇತ್ತು. ದೊಡ್ಡ ಸಿಸ್ಟರ್ ಹಾಜರಿಗೆ ಸಹಿ ಹಾಕಿದಳು, ಹುಡುಗಿಯಿಂದಲೂ ಹಾಕಿಸಿದಳು, ಹತ್ತೇ ನಿಮಿಷಕ್ಕೆ ಅವಳನ್ನು ಕುರ್ಚಿಯಿಂದ ಎಬ್ಬಿಸಿದಳು. "ನೀನಿಲ್ಲಿ ಕೂತ್ರೆ ಅಲ್ಲಿ ಇಂಜೆಕ್ಷನ್ ಯಾರು ಕೊಡ್ತಾರೆ?" ಆಮೇಲೆ ಇಬ್ಬರಿಗೂ ಬಣ್ಣದ ಅಂಚಿನ ಪ್ರಮಾಣಪತ್ರ ಬಂತು.

ಇವತ್ತು ಎರಡೂವರೆಗೆ ದೊಡ್ಡ ಸಿಸ್ಟರ್ ನಲವತ್ತೊಂದು ಚಾರ್ಟುಗಳನ್ನೂ ಎದುರಿಗೆ ಹರಡಿಕೊಂಡು ನಾಲ್ಕು ಗಂಟೆಯ ಚೌಕವನ್ನೂ ಆರು ಗಂಟೆಯ ಚೌಕವನ್ನೂ ತುಂಬಿಸಿ ಮುಗಿಸಿದಳು. ಕೈ ತಾನಾಗಿಯೇ ಓಡುತ್ತಿತ್ತು. ಅದು ಮುಗಿದ ಮೇಲೆ ಮೇಲಿನ ವಾರ್ಡಿಗೆ ಫೋನ್ ಮಾಡಿದಳು.

"ಅಕ್ಕ ಹೇಗಿದ್ದಾರೆ?"

"ಒಂದ್ನಿಮಿಷ ಸಿಸ್ಟರ್, ಚಾರ್ಟ್ ನೋಡ್ತೀನಿ." ಹುಡುಗಿಯ ಹಿಂದೆ ಯಾರೋ ವಾಂತಿ ಮಾಡುತ್ತಿರುವ ಸದ್ದು, ಇನ್ಯಾರೋ ಸಿಸ್ಟರ್ ಸಿಸ್ಟರ್ ಎಂದು ಕೂಗುವ ಸದ್ದು. "ಜ್ವರ ನೂರು. ಬಿಪಿ ನೂರ ಹದಿನೆಂಟು. ನಾಡಿ ಎಂಬತ್ತಾರು. ಉಸಿರು ಇಪ್ಪತ್ತು."

ದೊಡ್ಡ ಸಿಸ್ಟರಿಗೆ ಎದೆ ಹಗುರಾಯಿತು. ಇದನ್ನು ಏನೆನ್ನಬೇಕೋ ತಿಳಿಯದು. ಐದು ನಿಮಿಷದ ಹಿಂದೆ ತನ್ನ ಕೈಯಾರೆ ಎಂಬತ್ತೆರಡು ಸಲ ಇಪ್ಪತ್ತು ಬರೆದವಳು, ಆ ಇಪ್ಪತ್ತು ಎಲ್ಲಿಂದ ಬರುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಫೋನಿನಲ್ಲಿ ಅದೇ ಇಪ್ಪತ್ತನ್ನು ಕೇಳಿ ಸಮಾಧಾನಪಟ್ಟುಕೊಂಡಳು. ಬೇಕಾದ ಮಾತು ಕಿವಿಗೆ ಬಿದ್ದಾಗ ಅದು ನಿಜವೋ ಸುಳ್ಳೋ ಅಂತ ಯಾರು ಕೇಳುತ್ತಾರೆ?

ಮೂರೂಕಾಲಿಗೆ ಭಾವ ಬಂದರು. ಲಿಫ್ಟು ಕೆಟ್ಟಿತ್ತು, ಮೆಟ್ಟಿಲಿಳಿದು ಬಂದು ಏದುತ್ತಿದ್ದರು. ವಾರ್ಡಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಯಾರದೋ ಮನೆಗೆ ಬಂದವರಂತೆ ಹೊರಗೇ ನಿಂತರು.

"ಪುಟ್ಟಿ, ನಿಮ್ಮಕ್ಕ ಸ್ವಲ್ಪ ಜೋರಾಗಿ ಉಸಿರಾಡ್ತಿದಾಳೆ ಕಣೆ. ಮಾತಾಡಿಸಿದ್ರೆ ಹೂಂ ಅಂತಾಳೆ, ಮುಂದೆ ಏನೂ ಅನ್ನಲ್ಲ. ಕೈ ತಣ್ಣಗಿದೆ."

ದೊಡ್ಡ ಸಿಸ್ಟರ್ ಒಂದು ಕೈಯಲ್ಲಿ ಡ್ರಿಪ್ಪಿನ ಬಾಟಲಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಅದನ್ನು ತೂಗುಹಾಕಲು ಕೊಕ್ಕೆ ಹುಡುಕುತ್ತಿದ್ದಳು. "ಈಗಷ್ಟೇ ಫೋನ್ ಮಾಡಿ ಕೇಳಿದೆ ಭಾವ. ಬಿಪಿ, ನಾಡಿ, ಉಸಿರು ಎಲ್ಲ ಸರಿಯಾಗಿದೆ. ಆಪರೇಷನ್ ಆದವರು ಹಾಗೇ, ಸುಸ್ತಿರತ್ತೆ. ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ನಾನು ಆದಷ್ಟು ಬೇಗ ಬರ್ತೀನಿ."

"ಸರಿಯಾಗಿದೆಯಾ?"

"ಸರಿಯಾಗಿದೆ."

ನಲವತ್ತು ವರ್ಷ ಭಾವ ಪಕ್ಕದಲ್ಲಿ ಮಲಗಿ ಕೇಳಿದ ಉಸಿರು ಅದು. ಅದರ ಗುರುತು ಅವರಿಗಿಂತ ಚೆನ್ನಾಗಿ ಇನ್ನಾರಿಗಿದ್ದೀತು? ಆದರೆ ಓದಿದವಳು ನಾದಿನಿ, ಇಪ್ಪತ್ತೆಂಟು ವರ್ಷದ ನರ್ಸು. "ನೀನು ಹೇಳಿದ ಮೇಲೆ ಮುಗೀತು ಬಿಡು" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾಲ್ಕೂಕಾಲಿಗೆ ಮತ್ತೆ ಫೋನ್ ಮಾಡಿದಳು. ಹುಡುಗಿ ಏದುಸಿರು ಬಿಡುತ್ತ ಓದಿದಳು. "ಬಿಪಿ ನೂರ ಹದಿನಾರು. ನಾಡಿ ಎಂಬತ್ತೆಂಟು. ಉಸಿರು ಇಪ್ಪತ್ತು."

ಫೋನಿಟ್ಟು ಒಂಬತ್ತನೇ ಬೆಡ್ಡಿನ ಮುದುಕನ ಚಾರ್ಟ್ ಕೈಗೆತ್ತಿಕೊಂಡಳು, ಔಷಧಿ ನೋಡಲೆಂದು. ಎರಡು ಗಂಟೆಗೆ ಬಿಪಿ ನೂರ ಹದಿನೆಂಟು, ನಾಲ್ಕಕ್ಕೆ ನೂರ ಹದಿನಾರು. ನಾಡಿ ಎಂಬತ್ತಾರು, ಎಂಬತ್ತೆಂಟು. ಉಸಿರು ಇಪ್ಪತ್ತು, ಇಪ್ಪತ್ತು. ತನ್ನದೇ ಗುಂಡಗಿನ ಅಕ್ಷರ. ಎರಡು ಮೇಲೆ, ಎರಡು ಕೆಳಗೆ. ಫೋನಿನಲ್ಲಿ ಹುಡುಗಿ ಓದಿದ್ದೂ ಇವೇ ಅಂಕಿ. ಜೋರಾಗಿ ಉಸಿರಾಡ್ತಿದಾಳೆ ಕಣೆ, ಎಂದು ಭಾವ ಅಂದದ್ದು ಈಗ ಕಿವಿಗೆ ಬಿತ್ತು. ಹೇಳಿ ಒಂದು ಗಂಟೆಯಾಗಿತ್ತು.

"ಇಲ್ಲೇ ಇರು" ಎಂದು ಆಯಮ್ಮನಿಗೆ ಹೇಳಿ ಮೆಟ್ಟಿಲು ಹತ್ತಿ ಓಡಿದಳು. ವಾರ್ಡನ್ನು ನರ್ಸಿಲ್ಲದೆ ಬಿಟ್ಟು ಹೊರಟದ್ದು ಆ ಇಪ್ಪತ್ತೆಂಟು ವರ್ಷಗಳಲ್ಲಿ ಅದೇ ಮೊದಲು.

ಅಕ್ಕ ಬಾಯಿ ತೆರೆದು ಮಲಗಿದ್ದಳು. ಹಣೆಯಲ್ಲಿ ಬೆವರು, ತುಟಿ ಒಣಗಿ ಬಣ್ಣಗೆಟ್ಟಿತ್ತು. ಕುತ್ತಿಗೆಯ ಗುಳಿ ಒಳಕ್ಕೆ ಹೋಗಿ ಬರುತ್ತಿತ್ತು. ಎಣಿಸುವ ಅಗತ್ಯವೇ ಇರಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ಆದರೂ ದೊಡ್ಡ ಸಿಸ್ಟರ್ ನಾಡಿ ನೋಡುವವಳಂತೆ ಅಕ್ಕನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯ ವಾಚು ಕಣ್ಣೆದುರಿಗೆ ತಂದು, ಶಾಲೆಯಲ್ಲಿ ಕಲಿತ ಹಾಗೆ ಎಣಿಸಿದಳು. ಹತ್ತು ಸೆಕೆಂಡಿಗೆ ಆರು. ಅರ್ಧ ನಿಮಿಷಕ್ಕೆ ಹತ್ತೊಂಬತ್ತು. ನಿಮಿಷ ಮುಗಿದಾಗ ಮೂವತ್ತೆಂಟು.

ಅಕ್ಕ ಕಣ್ಣು ತೆರೆದಳು. ಕೈ ಹಿಡಿದವಳ ಗುರುತು ಸಿಕ್ಕಿತು. ಮೂವತ್ತು ವರ್ಷದ ಹಿಂದಿನ ಆಟ ಅವಳಿಗೂ ನೆನಪಾಯಿತೇನೋ, ಎರಡು ಉಸಿರಿನ ನಡುವೆ ಕೇಳಿದಳು: "ಎಷ್ಟು ಬಂತು?"

"ಇಪ್ಪತ್ತು, ಅಕ್ಕ."

ಅಕ್ಕ ತಲೆಯಾಡಿಸಿದಳು. ತಂಗಿ ಲೆಕ್ಕದಲ್ಲಿ ಯಾವತ್ತೂ ಜಾಣೆ. ಮತ್ತೆ ಕಣ್ಣು ಮುಚ್ಚಿದಳು.

ಹೊಸಬಳು ಓಡಿ ಬಂದಳು, ಮೈಯೆಲ್ಲ ಯಾರದೋ ವಾಂತಿ. "ಹತ್ತು ಗಂಟೆಗೆ ನಾನೇ ನೋಡಿದ್ದೆ ಸಿಸ್ಟರ್. ಆಗ ಸರಿ ಇತ್ತು. ಆಮೇಲೆ ಎರಡು ಹೊಸ ಕೇಸು ಬಂತು, ಒಬ್ಬರಿಗೆ ರಕ್ತ ಹಾಕಬೇಕಿತ್ತು, ಕೈ ಎಟುಕಲಿಲ್ಲ…" ದೊಡ್ಡ ಸಿಸ್ಟರಿಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ನಿಜವಾಗಿಯೂ ಕೈ ಮೇಲೆದ್ದಿತ್ತು. ಹುಡುಗಿ ಹಿಂದೆ ಸರಿಯಲಿಲ್ಲ, ಸುಮ್ಮನೆ ಇವಳ ಮುಖ ನೋಡಿದಳು. ನೀವೇ ಹೇಳಿಕೊಟ್ಟಿರಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಎದ್ದ ಕೈ ಹಾಗೇ ಹೋಗಿ ಆಕ್ಸಿಜನ್ನಿನ ನಳಿಗೆ ಎಳೆಯಿತು.

ಸಿಲಿಂಡರ್ ಇತ್ತು, ತಿರುಗಿಸುವ ಕೀ ಇರಲಿಲ್ಲ. ಮೂರು ವಾರ್ಡುಗಳಿಗೆ ಸೇರಿ ಒಂದೇ ಕೀ, ಯಾರೋ ದಾರ ಕಟ್ಟಿ ಕೊನೆಯ ವಾರ್ಡಿನ ಮೊಳೆಗೆ ನೇತುಹಾಕಿದ್ದರು. ಹುಡುಗಿ ಓಡಿ ತಂದಳು. ಬಿಪಿ ನೋಡಿದರೆ ಎಪ್ಪತ್ತೆಂಟು, ನಾಡಿ ನೂರ ಮೂವತ್ತೆರಡು. ಡ್ಯೂಟಿ ಡಾಕ್ಟರು ಬರುವಾಗ ನಾಲ್ಕೂಮುಕ್ಕಾಲು. ಅವನೂ ಮೂರು ವಾರ್ಡುಗಳಿಗೆ ಒಬ್ಬನೇ, ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದ, ಮುಖ ಸಣ್ಣದಾಯಿತು. "ಒಳಗೆ ಕೀವಾಗಿ ನಂಜೇರಿದೆ. ಬೆಳಗ್ಗೆನೇ ಉಸಿರು ಏರಿರಬೇಕಿತ್ತಲ್ಲ…" ಎನ್ನುತ್ತ ಚಾರ್ಟ್ ತಿರುಗಿಸಿದ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಚಾರ್ಟನ್ನು ಅಕ್ಕನ ಕಾಲ ಬಳಿ ಇಟ್ಟ. ಐಸಿಯುನಲ್ಲಿ ಆರು ಗಂಟೆಗೆ ಒಂದು ಬೆಡ್ ಖಾಲಿಯಾಗುತ್ತದೆ, ಅಲ್ಲಿವರೆಗೂ ಇಲ್ಲೇ ಡ್ರಿಪ್ಪು, ಇಂಜೆಕ್ಷನ್ನು, ಆಕ್ಸಿಜನ್ನು ಎಂದ.

ಆ ಹೊತ್ತಿಗೆ ಮೇಟ್ರನ್ ಬಂದರು. ಕೆಟ್ಟ ಹೆಂಗಸಲ್ಲ. ಇಲ್ಲದ ನರ್ಸುಗಳನ್ನು ಇರುವ ವಾರ್ಡುಗಳಿಗೆ ಹಂಚಿ ಹಂಚಿ ಮುಖವೇ ಬತ್ತಿಹೋಗಿತ್ತು. "ನಿಮ್ಮಕ್ಕನ ಹತ್ರ ನಾನೇ ನಿಂತಿರ್ತೀನಿ. ನೀವು ಕೆಳಗೆ ಹೋಗಿ. ಐದು ಗಂಟೆ ಇಂಜೆಕ್ಷನ್ ನಲವತ್ತೊಂದು ಜನಕ್ಕೆ ಬಾಕಿ ಇದೆ. ನೀವಿಲ್ಲಿ ನಿಂತ್ರೆ ಅಲ್ಲಿ ಯಾರು ಕೊಡ್ತಾರೆ?"

ಅದೇ ಮಾತು. ತರಬೇತಿಯ ಹಾಲಿನಲ್ಲಿ ಹುಡುಗಿಯನ್ನು ಎಬ್ಬಿಸುವಾಗ ದೊಡ್ಡ ಸಿಸ್ಟರ್ ತಾನೇ ಆಡಿದ್ದು. ಭಾವನ ಕಡೆ ನೋಡುವ ಧೈರ್ಯವಾಗಲಿಲ್ಲ. ಅಕ್ಕನ ಪಾದ ಒಂದು ಸಲ ಒತ್ತಿ ಕೆಳಗೆ ಬಂದಳು.

ಇಂಜೆಕ್ಷನ್ ಕೊಡತೊಡಗಿದಳು. ಒಬ್ಬರಿಗೆ ಚುಚ್ಚುವುದು, ಹತ್ತಿ ಒತ್ತಿ ಹಿಡಿಯುವುದು, ಹಾಗೆ ಹಿಡಿದುಕೊಂಡೇ ವಾಚು ನೋಡುತ್ತ ಎದೆ ಎಣಿಸುವುದು. ಯಾಕೆ ಹಾಗೆ ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಎಣಿಸದೆ ಮುಂದಿನ ಬೆಡ್ಡಿಗೆ ಕಾಲೇ ಏಳುತ್ತಿರಲಿಲ್ಲ. ಮೊದಲನೆಯವನಿಗೆ ಹದಿನೇಳು. ಎರಡನೆಯವನಿಗೆ ಇಪ್ಪತ್ತೆರಡು. ಮೂರನೆಯವನಿಗೆ ಹದಿನಾಲ್ಕು. ಒಬ್ಬೊಬ್ಬರದು ಒಂದೊಂದು ಥರ. ಆರು ಗಂಟೆಯ ಚೌಕದಲ್ಲಿ ಮುಂಚೆಯೇ ಕೂತಿದ್ದ ಇಪ್ಪತ್ತನ್ನು ಹೊಡೆದು ಪಕ್ಕದಲ್ಲಿ ನಿಜವಾದದ್ದನ್ನು ಬರೆಯುತ್ತ ಹೋದಳು. "ಏನ್ ಸಿಸ್ಟರ್, ಇವತ್ತು ಕೈ ಬಿಡೋದೇ ಇಲ್ಲ ಅಂತೀರಿ" ಎಂದು ಐದನೇ ಬೆಡ್ಡಿನವನು ನಗಿಸಲು ನೋಡಿದ. ಅವಳು ನಗಲಿಲ್ಲ. ಹಿಂದಿನ ಬೆಡ್ಡುಗಳಿಂದ ಇಂಜೆಕ್ಷನ್ ಯಾವಾಗ ಎಂದು ಕೂಗು ಏಳುತ್ತಿತ್ತು. ಒಬ್ಬೊಬ್ಬರಿಗೆ ಐದೈದು ನಿಮಿಷ ಹಿಡಿದರೆ ಕೊನೆಯವನ ಸರದಿ ಎಂಟು ಗಂಟೆಗೂ ಬರುವುದಿಲ್ಲ. ಅವನಿಗೆ ಏನಾದರೂ ಆದರೆ ಅದೂ ತನ್ನ ತಲೆಯ ಮೇಲೆಯೇ. ಎಣಿಸಿದರೂ ತಪ್ಪು, ಎಣಿಸದಿದ್ದರೂ ತಪ್ಪು. ಅಳುವೇ ಬಂತು, ಅಳುತ್ತಲೇ ಎಣಿಸಿದಳು.

ಒಂಬತ್ತನೇ ಬೆಡ್ಡಿನ ಮುದುಕನ ಕೈ ಹಿಡಿದಿದ್ದಾಗ ಬಾಗಿಲಲ್ಲಿ ಹೊಸಬಳು ಬಂದು ನಿಂತಳು. ಅವಳು ನಿಂತ ರೀತಿಯಲ್ಲೇ ಎಲ್ಲ ಇತ್ತು.

"ಸಿಸ್ಟರ್…"

ದೊಡ್ಡ ಸಿಸ್ಟರ್ ಅಂಗೈ ಎತ್ತಿ ತಡೆದಳು. ಮುಳ್ಳು ಮೂವತ್ತೈದರ ಹತ್ತಿರವಿತ್ತು. ಇನ್ನೂ ಇಪ್ಪತ್ತೈದು ಸೆಕೆಂಡು ಬಾಕಿ. ಆ ಇಪ್ಪತ್ತೈದು ಸೆಕೆಂಡು ಅವಳ ಅಕ್ಕ ಬದುಕಿದ್ದಳು. ಹದಿನೇಳು, ಹದಿನೆಂಟು, ಹತ್ತೊಂಬತ್ತು… ಮುಳ್ಳು ಮೇಲಕ್ಕೆ ಬಂದು ಮುಟ್ಟಿತು.

"ಇಪ್ಪತ್ತೊಂಬತ್ತು" ಎಂದಳು. "ಈ ಅಜ್ಜನಿಗೆ ಡಾಕ್ಟರನ್ನ ಕರೀಬೇಕು. ಈಗಲೇ." ಚಾರ್ಟಿನಲ್ಲಿ ಬರೆದಳು. ಆಮೇಲೆ ತಿರುಗಿ ಕೇಳಿದಳು, "ಯಾವಾಗ?"

"ಐದೂ ನಲವತ್ತಕ್ಕೆ." ಹುಡುಗಿ ಬಾಗಿಲು ಬಿಟ್ಟು ಒಳಗೆ ಬಂದಳು. "ಮೇಟ್ರನ್ ಮೇಡಂ ಮೇಲೇ ಇದ್ದಾರೆ. ನೀನು ಕೆಳಗೆ ನೋಡ್ಕೋ, ಅವರನ್ನ ಕಳಿಸು ಅಂದ್ರು."

ದೊಡ್ಡ ಸಿಸ್ಟರ್ ವಾಚು ಬಿಚ್ಚಿ ಹುಡುಗಿಯ ಕೈಗೆ ಕಟ್ಟಿದಳು. ಹುಡುಗಿಯ ಮಣಿಕಟ್ಟು ಸಣ್ಣದು, ಕೊನೆಯ ತೂತಿಗೆ ಸಿಕ್ಕಿಸಿದರೂ ಸಡಿಲವೇ. "ಮೊದಲು ಈ ಅಜ್ಜನಿಗೆ ಡಾಕ್ಟರನ್ನ ಕರಿ. ಆಮೇಲೆ ಹತ್ತನೇ ಬೆಡ್ಡಿಂದ ಶುರು ಮಾಡು. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷಕ್ಕೆ ಎಣಿಸಿ ಎರಡರಷ್ಟು ಮಾಡ್ಬೇಡ." ಇಷ್ಟು ಹೇಳಿ ಮೆಟ್ಟಿಲ ಕಡೆ ನಡೆದಳು. ಈಗ ಓಡುವುದಕ್ಕೆ ಏನೂ ಇರಲಿಲ್ಲ.

ಅಕ್ಕನ ಮುಖದಿಂದ ಆಕ್ಸಿಜನ್ನಿನ ನಳಿಗೆ ತೆಗೆದಿದ್ದರು. ಕೆನ್ನೆಯಲ್ಲಿ ಅದರ ಗುರುತು ಇನ್ನೂ ಕೆಂಪಗಿತ್ತು. ಮೇಟ್ರನ್ ಪರದೆ ಎಳೆದು ಹೊರಗೆ ನಿಂತರು. ಭಾವ ಸ್ಟೂಲಿನ ಮೇಲೆ ಕೂತಿದ್ದರು, ತೊಡೆಯ ಮೇಲೆ ಅಕ್ಕನ ಚಾರ್ಟು. ಕಾಲ ಬಳಿ ಬಿದ್ದಿದ್ದನ್ನು ಎತ್ತಿಕೊಂಡಿರಬೇಕು. ಆರು ಗಂಟೆಯ ಚೌಕದ ಮೇಲೆ ಅವರ ಬೆರಳಿತ್ತು. ಆ ಚೌಕವೂ ತುಂಬಿತ್ತು: ಬಿಪಿ ನೂರ ಹದಿನೆಂಟು, ನಾಡಿ ಎಂಬತ್ತಾರು, ಉಸಿರು ಇಪ್ಪತ್ತು. ಹುಡುಗಿಗೆ ಯಾವಾಗಲೋ ಒಂದು ಗಳಿಗೆ ಪುರುಸೊತ್ತು ಸಿಕ್ಕಿತ್ತು. ಗೋಡೆ ಗಡಿಯಾರದಲ್ಲಿ ಆರಾಗಲು ಇನ್ನೂ ಐದು ನಿಮಿಷವಿತ್ತು.

ಭಾವ ತಲೆ ಎತ್ತಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಏನೋ ಅರ್ಥವಾಗದೆ ಕೇಳುವವರ ಮುಖ.

"ಇದರಲ್ಲಿ ಎಲ್ಲಾ ಕಡೆ ಇಪ್ಪತ್ತು ಅಂತಲೇ ಇದೆ ಪುಟ್ಟಿ. ಇಪ್ಪತ್ತು ಅಂದ್ರೆ ಏನು? ಒಳ್ಳೇದಾ, ಕೆಟ್ಟದ್ದಾ?"

ಅವಳು ನೆಲದ ಮೇಲೆ, ಅವರ ಕಾಲ ಹತ್ತಿರ ಕೂತಳು. ಅಕ್ಕನ ಕೈ ಮಂಚದಿಂದ ಇಳಿಬಿದ್ದಿತ್ತು, ಅದನ್ನು ಹಿಡಿದುಕೊಂಡಳು.

"ಎರಡೂ ಅಲ್ಲ ಭಾವ" ಎಂದಳು. "ಇಪ್ಪತ್ತು ಅಂದ್ರೆ ಯಾರೂ ಎಣಿಸಲಿಲ್ಲ ಅಂತ."